ಆರೋಗ್ಯದ ಮಾತಿಗೂ ಒಂದು ಸನದು ಬೇಕು

(ಐಗಳಿಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣವನ್ನು ಓದುಗರಿಗಾಗಿ ವಿಸ್ತರಿಸಿ ಬರೆದದ್ದು)





ನಾನು ವೈದ್ಯನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕ. ಆದ್ದರಿಂದ ನಿಮ್ಮ ನೋವಿಗೆ ಯಾವ ಗುಳಿಗೆ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ದಿನವಿಡೀ ಮಾತುಗಳ ಜೊತೆಗೇ ಬದುಕುವವನು ನಾನು. ಒಂದು ಮಾತು ಎಲ್ಲಿಂದ ಬಂತು, ಅದರ ಅರ್ಥವೇನು, ಅದನ್ನು ಎಷ್ಟು ನಂಬಬಹುದು ಎಂದು ಮಕ್ಕಳಿಗೆ ಕಲಿಸುವುದೇ ನನ್ನ ಕಸುಬು. ಹೀಗಾಗಿ ರೋಗಗಳ ಬಗ್ಗೆ ನಮ್ಮ ಮನೆ ಬಾಗಿಲಿಗೆ ಬರುವ ಮಾತುಗಳ ವಿಷಯವಾಗಿ ನಾಲ್ಕು ಮಾತು ಹಂಚಿಕೊಳ್ಳಲು ಬಯಸುತ್ತೇನೆ.

ನಮ್ಮದು ಗಡಿ ಸೀಮೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಜ್ವರ ಹೆಚ್ಚಾದರೆ ಅಥಣಿ, ಕೈಮೀರಿದರೆ ಮಿರಜ, ಸಾಂಗಲಿ ಅಥವಾ ವಿಜಯಪುರ. ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮೊಬೈಲಿಗೆ ಬರುವ ಸಂದೇಶ ಮೂರೂ ಭಾಷೆಗಳಲ್ಲಿ ಬರುತ್ತದೆ. ಒಂದೇ ಸುಳ್ಳು ಬೆಳಿಗ್ಗೆ ಮರಾಠಿಯಲ್ಲಿ ಬಂದು, ಮಧ್ಯಾಹ್ನ ಕನ್ನಡದಲ್ಲಿ ತಿರುಗಿ, ರಾತ್ರಿಗೆ ಉರ್ದುವಿನಲ್ಲಿ ನಮ್ಮ ಅಜ್ಜಿಯ ಕಿವಿ ಮುಟ್ಟುತ್ತದೆ. ಮೂರು ಕಡೆಯಿಂದ ಕೇಳಿದ್ದರಿಂದ ಅದು ನಿಜವೇ ಇರಬೇಕು ಎಂದು ಆಕೆ ನಂಬುತ್ತಾಳೆ. ಮೂರೂ ಕಡೆಯಿಂದ ಬಂದದ್ದು ಒಂದೇ ಮಾತು ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು?

ಸನದು ಎಂದರೇನು?

ಉರ್ದುವಿನಲ್ಲಿ 'ಸನದ್' ಎಂಬ ಶಬ್ದವಿದೆ. ಅರಬ್ಬಿಯಿಂದ ಬಂದದ್ದು. ಆಧಾರ, ಒರಗು ಎಂಬುದು ಅದರ ಮೂಲ ಅರ್ಥ. ಪದವಿ ಪಡೆದವರಿಗೆ ಕೊಡುವ ಪ್ರಮಾಣಪತ್ರಕ್ಕೂ ಸನದ್ ಎನ್ನುತ್ತಾರೆ. ಹದೀಸ್ ವಿದ್ವಾಂಸರಲ್ಲಿ ಇದಕ್ಕೆ ಇನ್ನೊಂದು ಅರ್ಥವುಂಟು: ಈ ಮಾತನ್ನು ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಎಂಬ ಹೆಸರುಗಳ ಸರಪಳಿ. ಆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ, ಒಬ್ಬ ವ್ಯಕ್ತಿಯ ನೆನಪಿನ ಶಕ್ತಿಯೋ ಪ್ರಾಮಾಣಿಕತೆಯೋ ಸಂಶಯಾಸ್ಪದವಾಗಿದ್ದರೂ ಮಾತಿನ ಬೆಲೆ ಇಳಿಯುತ್ತಿತ್ತು. ಇದೇ ಶಬ್ದ ಕನ್ನಡಕ್ಕೂ ಬಂದಿದೆ. ನಮ್ಮ ಹಿರಿಯರು ಇನಾಂ ಜಮೀನಿನ ಸನದು ಎನ್ನುತ್ತಿದ್ದರು, ವಕೀಲರ ಸನದು ಎಂದು ಇಂದಿಗೂ ಹೇಳುತ್ತೇವೆ. ಜಮೀನು ಕೊಳ್ಳುವಾಗ ಕಾಗದ ಕೇಳದವರು ಯಾರಿದ್ದಾರೆ? ಮಗುವಿನ ಆರೋಗ್ಯದ ಮಾತು ಬಂದಾಗ ಮಾತ್ರ ನಾವು ಕಾಗದ ಕೇಳುವುದಿಲ್ಲ.

ನಮ್ಮ ಐಗಳಿ, ತೆಲಸಂಗ ಸೀಮೆ ದ್ರಾಕ್ಷಿಗೆ ಹೆಸರಾದದ್ದು. ದ್ರಾಕ್ಷಿ ಬೆಳೆಯುವ ರೈತನನ್ನು ನೋಡಿರಿ. ಬಳ್ಳಿಗೆ ಔಷಧ ಹೊಡೆಯುವ ಮುನ್ನ ಯಾವ ಕಂಪನಿಯದು, ಲೀಟರಿಗೆ ಎಷ್ಟು, ಎಷ್ಟು ದಿನ ಬಿಟ್ಟು ಹಣ್ಣು ಕೊಯ್ಯಬೇಕು, ಹೋದ ವರ್ಷ ಯಾರು ಹೊಡೆದಿದ್ದರು, ಅವರ ತೋಟ ಹೇಗಿತ್ತು ಎಂದು ಹತ್ತು ಸಲ ಕೇಳುತ್ತಾನೆ. ಬಳ್ಳಿಗೆ ಹೊಡೆಯುವ ಔಷಧಕ್ಕೆ ಹತ್ತು ಪ್ರಶ್ನೆ, ಮಗುವಿಗೆ ಕುಡಿಸುವ ಔಷಧಕ್ಕೆ ಒಂದೂ ಪ್ರಶ್ನೆ ಇಲ್ಲವೆಂದರೆ ಹೇಗೆ?

ಸನದಿಲ್ಲದ ಮಾತು ಎಂಥ ಗಾಯ ಮಾಡುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. 2020ರ ಏಪ್ರಿಲಿನಲ್ಲಿ, ಕೊರೋನಾ ಲಾಕ್‌ಡೌನ್ ಕಾಲದಲ್ಲಿ, ಹಣ್ಣು ಮಾರುವ ಮುಸ್ಲಿಮರು ಬೇಕೆಂದೇ ರೋಗ ಹರಡುತ್ತಿದ್ದಾರೆ ಎಂದು ವಿಡಿಯೊಗಳನ್ನು ಹಂಚಿದರು. ಹಾಗೆ ಹಂಚಿದವುಗಳಲ್ಲಿ ಲಾಕ್‌ಡೌನಿಗಿಂತ ಮೊದಲೇ ತೆಗೆದ ಹಳೆಯ ವಿಡಿಯೊಗಳೂ ಇದ್ದವು ಎಂದು ಪರಿಶೀಲಿಸಿದವರು ತೋರಿಸಿಕೊಟ್ಟರು. ಅಷ್ಟರೊಳಗೆ ಎಷ್ಟೋ ಬಡ ವ್ಯಾಪಾರಿಗಳ ಅನ್ನಕ್ಕೆ ಕಲ್ಲು ಬಿದ್ದಿತ್ತು. ಅಂಥ ಮಾತಿನಿಂದ ನೊಂದವರು ನಾವು. ಆದ್ದರಿಂದ ಸನದಿಲ್ಲದ ಮಾತನ್ನು ಮುಂದಕ್ಕೆ ಕಳಿಸುವ ಕೈ ನಮ್ಮದಾಗಬಾರದು. ಆರೋಗ್ಯದ ವಿಷಯದಲ್ಲಂತೂ ಖಂಡಿತ ಆಗಬಾರದು.

ಹಾಗಾದರೆ ಸನದು ಕೇಳುವುದು ಹೇಗೆ? ನಾಲ್ಕೇ ಪ್ರಶ್ನೆ ಸಾಕು.

ಒಂದು, ಈ ಮಾತು ಹೇಳಿದವರ ಹೆಸರು, ವಿಳಾಸ, ತಾರೀಖು ಇದೆಯೇ?
ಎರಡು, ಅಳತೆ ಇದೆಯೇ? ಎಷ್ಟು ಜನರಲ್ಲಿ, ಎಷ್ಟು ಗ್ರಾಂ, ಎಷ್ಟು ದಿನ?
ಮೂರು, ನಾನು ಇದನ್ನು ನಂಬಿದರೆ ಯಾರ ಗಲ್ಲೆ ತುಂಬುತ್ತದೆ?
ನಾಲ್ಕು, ಹೇಳಿದವರು ತಪ್ಪಿದ್ದಾಗ ತಿದ್ದಿಕೊಂಡಿದ್ದಾರೆಯೇ?

ಈ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ಮನೆಯೊಳಗಿನ ಕೆಲವು ಉದಾಹರಣೆಗಳನ್ನು ನೋಡೋಣ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಬೇಸಿಗೆ ಬಂತೆಂದರೆ, ಮಳೆಗಾಲದ ಹೊಸ ನೀರು ಬಂತೆಂದರೆ ಮಕ್ಕಳಿಗೆ ವಾಂತಿ-ಭೇದಿ ಶುರುವಾಗುತ್ತದೆ. ಜುಲಾಬು ಎನ್ನಿ, ದಸ್ತ್ ಎನ್ನಿ, ಅದರಲ್ಲಿ ಮಗುವಿನ ಜೀವಕ್ಕೆ ಮುಖ್ಯ ಅಪಾಯ ಮೈಯೊಳಗಿನ ನೀರು ಮತ್ತು ಉಪ್ಪು ಹೊರಗೆ ಹೋಗುವುದು. ಇದಕ್ಕೆ ಓ.ಆರ್.ಎಸ್. ಎಂಬ ಪುಡಿ ಇದೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಅದರ ಹಿಂದಿನ ಕಥೆ ಕೇಳಿರಿ.

1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆದಾಗ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಎಂಬ ಊರಿನ ಶಿಬಿರದಲ್ಲಿ ಕಾಲರಾ ಹರಡಿತು. ನರಕ್ಕೆ ಏರಿಸುವ ಸಲಾಯಿನ್ ಬಾಟಲಿಗಳು ಸಾಲದಾದವು. ಆಗ ಡಾ. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾಗಳನ್ನು ಅಳತೆಯಿಂದ ನೀರಿನಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಗಳ ಮನೆಯವರೇ ಅದನ್ನು ಲೋಟದಿಂದ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಆ ಮಹನೀಯರು 2022ರ ಅಕ್ಟೋಬರಿನಲ್ಲಿ ತೀರಿಕೊಂಡರು, 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಘೋಷಣೆಯಾಯಿತು.

ಇದರ ಗುಟ್ಟೆಲ್ಲ ಅಳತೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಂದಿನ ಲೆಕ್ಕದಲ್ಲಿ 1 ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಕರುಳಿನ ಗೋಡೆಯಲ್ಲಿ ಉಪ್ಪು ಒಳಗೆ ಹೋಗಲು ಗ್ಲೂಕೋಸ್ ಬಾಗಿಲು ತೆರೆಯುತ್ತದೆ, ಉಪ್ಪಿನ ಹಿಂದೆ ನೀರೂ ಒಳಗೆ ಹೋಗುತ್ತದೆ. ಸಕ್ಕರೆ ಅತಿಯಾದರೆ ಫಲ ಉಲ್ಟಾ ಆಗುತ್ತದೆ. ಮೈಯೊಳಗಿನ ನೀರನ್ನು ಅದು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಈಗ ಔಷಧ ಅಂಗಡಿಗೆ ಬನ್ನಿ. ಹಲವು ವರ್ಷಗಳ ಕಾಲ ಅಲ್ಲಿ ಬಣ್ಣ ಬಣ್ಣದ ಡಬ್ಬಿಗಳಲ್ಲಿ, ಹೆಸರಿನೊಳಗೇ 'ಓ.ಆರ್.ಎಸ್.' ಎಂಬ ಅಕ್ಷರಗಳನ್ನು ಹೊತ್ತ ಹಣ್ಣಿನ ರುಚಿಯ ಪಾನೀಯಗಳು ಮಾರಾಟವಾದವು. ಹಲವು ಪಾನೀಯಗಳಲ್ಲಿ ಸಕ್ಕರೆ ಮೇಲಿನ ಅಳತೆಯ ಹಲವು ಪಟ್ಟು ಇತ್ತು. ತಾಯಿ ಹೋಗಿ "ಮಗುವಿಗೆ ಜುಲಾಬು ಆಗ್ಯಾವ, ಓ.ಆರ್.ಎಸ್. ಕೊಡ್ರಿ" ಎಂದರೆ ಅಂಗಡಿಯವನು ಈ ಡಬ್ಬಿ ಕೊಡುತ್ತಿದ್ದ. ಮಗು ಸಿಹಿಯೆಂದು ಸಂತೋಷದಿಂದ ಕುಡಿಯುತ್ತಿತ್ತು. ತಾಯಿಯೂ ಔಷಧ ಕುಡಿಸಿದೆನೆಂದು ನೆಮ್ಮದಿಯಿಂದ ಇರುತ್ತಿದ್ದಳು.

ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಸುಮಾರು ಎಂಟು ವರ್ಷ ಹೋರಾಡಿದರು. ಪತ್ರ ಬರೆದರು, ತೆಲಂಗಾಣ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2022ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮೊದಲು ಇಂಥ ಹೆಸರುಗಳನ್ನು ತಡೆಯಿತು. ಕೆಲವೇ ತಿಂಗಳಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓ.ಆರ್.ಎಸ್. ಅಲ್ಲ ಎಂದು ಡಬ್ಬಿಯ ಮೇಲೆ ಬರೆದರೆ ಸಾಕು ಎಂದು ಸಡಿಲಿಸಿತು. ಅಂದರೆ ಸತ್ಯ ಡಬ್ಬಿಯ ಮೇಲೆಯೇ ಇತ್ತು. ಆದರೆ ಹೆಸರು ದೊಡ್ಡ ಅಕ್ಷರದಲ್ಲಿ, ಸತ್ಯ ಸಣ್ಣ ಅಕ್ಷರದಲ್ಲಿ. ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರವು 2022ರ ಮತ್ತು 2024ರ ತನ್ನದೇ ಸಡಿಲಿಕೆಗಳನ್ನು ಹಿಂದಕ್ಕೆ ಪಡೆದು, ಇಂಥ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳೇ ಇರಕೂಡದು ಎಂದು ಆದೇಶಿಸಿತು.

ಆದೇಶ ಬಂದಿದೆ, ಇನ್ನೇನು ಭಯವಿಲ್ಲ ಎಂದುಕೊಳ್ಳಬೇಡಿ. ಹೆಸರು ಬದಲಾದರೂ ಸಿಹಿ ಪಾನೀಯ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಅಂಗಡಿಯವನ ಹಳೆಯ ರೂಢಿಯೂ ಇರುತ್ತದೆ. ನೀವು ಪ್ಯಾಕೆಟ್ಟನ್ನು ತಿರುಗಿಸಿ ನೋಡಿ. ನಿಜವಾದ ಓ.ಆರ್.ಎಸ್. ಔಷಧ. ಅದರ ಮೇಲೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ, ಮೇಲೆ ಹೇಳಿದ ಗ್ರಾಂ ಲೆಕ್ಕ ಇರುತ್ತದೆ. ಆಹಾರ ಪ್ರಾಧಿಕಾರದ ಮುದ್ರೆ ಮತ್ತು 14 ಅಂಕಿಯ ಸಂಖ್ಯೆ ಇದ್ದರೆ ಅದು ಆಹಾರ ಅಥವಾ ಪಾನೀಯ, ಔಷಧವಲ್ಲ. ನಮ್ಮ ಆಶಾ ಕಾರ್ಯಕರ್ತೆಯರು ಮತ್ತು ಸರಕಾರಿ ಆರೋಗ್ಯ ಕೇಂದ್ರದವರು ಓ.ಆರ್.ಎಸ್. ಪುಡಿಯನ್ನೂ ಜಿಂಕ್ ಗುಳಿಗೆಯನ್ನೂ ಪುಕ್ಕಟೆ ಕೊಡುತ್ತಾರೆ. ಜಿಂಕ್ ಗುಳಿಗೆಯನ್ನು ಭೇದಿ ನಿಂತರೂ 14 ದಿನ ಕೊಡಬೇಕು.

ಪುಡಿ ಕಲಸುವುದರಲ್ಲೂ ಎಚ್ಚರ ಬೇಕು. ದೊಡ್ಡ ಪ್ಯಾಕೆಟ್ಟಾದರೆ ಇಡೀ ಪುಡಿಯನ್ನು ಒಮ್ಮೆಲೇ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಸಣ್ಣ ಪ್ಯಾಕೆಟ್ಟಾದರೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಲೋಟಕ್ಕೆ ಒಂದು ಚಮಚ ಎಂಬ ಅಂದಾಜು ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿರಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ರಾತ್ರಿಯಲ್ಲಿ ಪುಡಿ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಬೆಳಗಿನ ತನಕ ಕಾಯಬಹುದು. ಆದರೆ ಮಗು ಮಂಕಾಗಿ ಮಲಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಮೂತ್ರ ನಿಂತಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಬೆಳಗಿನ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ, ದವಾಖಾನೆಗೆ ಹೊರಡಿ.

ಸೂಜಿಯ ಸುತ್ತಲಿನ ಮಾತು

ಎರಡನೆಯ ಉದಾಹರಣೆ ಲಸಿಕೆಯದು. ಇದನ್ನು ನಮ್ಮ ಸಮಾಜದಲ್ಲಿ ಬಿಚ್ಚಿ ಮಾತಾಡಬೇಕಾಗಿದೆ.

1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾಯಿತು. ಮುಂದೆ ಉತ್ತರ ಪ್ರದೇಶ, ಬಿಹಾರದ ಕಡೆ ಒಂದು ಮಾತು ಹಬ್ಬಿತು. ಈ ಹನಿ ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲವಂತೆ ಎಂಬ ಮಾತು ಅದು. ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡವು. ಉಲೇಮಾಗಳೇ ಮುಂದೆ ಬಂದು ಜನರಿಗೆ ತಿಳಿಹೇಳಬೇಕಾಯಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು, 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಆಗ ಹನಿ ಕುಡಿದ ಮಕ್ಕಳು ಇಂದು ತಾವೇ ತಾಯಿ-ತಂದೆಯರಾಗಿದ್ದಾರೆ. ತಮ್ಮ ಮಕ್ಕಳನ್ನು ಎತ್ತಿಕೊಂಡು ಬೂತಿಗೆ ಬರುತ್ತಿದ್ದಾರೆ. ಆ ಹಳೆಯ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ಪ್ರದೇಶಗಳಲ್ಲಿ ನಮ್ಮ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲಿಯೇ ಹಾಕಿದರು. ಆಗ ವಾಟ್ಸಾಪಿನಲ್ಲಿ ಹೆದರಿಸುವ ಸಂದೇಶಗಳು ಹರಿದಾಡಿದವು. ಆ ಸಂದೇಶಗಳಿಗೆ ನಮ್ಮ ನಾಲ್ಕು ಪ್ರಶ್ನೆ ಕೇಳಿ ನೋಡಿ. ಹೆಸರಿಲ್ಲ, ತಾರೀಖಿಲ್ಲ, ಅಳತೆಯಿಲ್ಲ. 'ಎಲ್ಲರಿಗೂ ಕಳಿಸಿ' ಎಂಬ ಒಂದು ಸಾಲು ಮಾತ್ರ ಇರುತ್ತದೆ. ಅತ್ತ ರೋಗದ ಬಗ್ಗೆ ಗೊತ್ತಿರುವುದು ಖಚಿತ. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ, ಮರಾಠಿಯಲ್ಲಿ ಗೋವರ, ಉರ್ದುವಿನಲ್ಲಿ ಖಸ್ರಾ. ಅದು ಮಗುವಿಗೆ ನ್ಯುಮೋನಿಯಾ ತರಬಹುದು, ಕೆಲವೊಮ್ಮೆ ಮಿದುಳಿಗೂ ಏರಬಹುದು. ರುಬೆಲ್ಲಾ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಮಗು ಕಿವುಡಾಗಬಹುದು, ಕುರುಡಾಗಬಹುದು, ಹೃದಯದ ತೊಂದರೆ ಹೊತ್ತು ಬರಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2022ರ ಜನವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಈ ಲಸಿಕೆ ಹಾಕಿಸಿಕೊಂಡ ಮೇಲೆ ಮೂರು ಹಸುಗೂಸುಗಳು ತೀರಿಕೊಂಡವು. ಅದು ಗಾಳಿಮಾತಾಗಿರಲಿಲ್ಲ, ನಡೆದ ಘಟನೆ. ಪ್ರಾಥಮಿಕ ತನಿಖೆ ನಡೆಯಿತು. ಲಸಿಕೆಯನ್ನು ಆರೋಗ್ಯ ಕೇಂದ್ರದಲ್ಲಿಡದೆ ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತು ಎಂಬುದು ಹೊರಬಂತು. ಸಂಬಂಧಪಟ್ಟ ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು. ಆ ತಾಯಂದಿರ ದುಃಖಕ್ಕೆ ಯಾವ ಅಮಾನತೂ ಸಮವಲ್ಲ.

ಈ ಘಟನೆಯಿಂದ ಎರಡು ಪಾಠ ತೆಗೆಯಬಹುದು. ಲಸಿಕೆಯೇ ವಿಷ ಎಂಬುದು ಒಂದು ಪಾಠ. ಇಡುವ ಮತ್ತು ಹಾಕುವ ಕ್ರಮ ತಪ್ಪಿದರೆ ಒಳ್ಳೆಯ ವಸ್ತುವೂ ಕೊಲ್ಲಬಹುದು, ಆದ್ದರಿಂದ ಕ್ರಮವನ್ನು ಕೇಳಿ ತಿಳಿಯಬೇಕು ಎಂಬುದು ಇನ್ನೊಂದು. ದೇಶದಲ್ಲಿ ಕೋಟಿಗಟ್ಟಲೆ ಮಕ್ಕಳು ಇದೇ ಲಸಿಕೆ ಪಡೆದು ಆರೋಗ್ಯದಿಂದ ಇರುವಾಗ ಮೊದಲನೆಯ ಪಾಠ ನಿಲ್ಲುವುದಿಲ್ಲ. ಎರಡನೆಯದು ನಮ್ಮ ಕೈಯಲ್ಲಿದೆ. ಈ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಅದಕ್ಕೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿ ಬಣ್ಣದ್ದಾಗಿದ್ದರೆ ಅದಕ್ಕೆ ಅತಿಯಾದ ಬಿಸಿ ತಗಲಿಲ್ಲವೆಂದು ಅರ್ಥ. ಚೌಕ ವೃತ್ತದಷ್ಟೇ ಕಪ್ಪಾಗಿದ್ದರೆ ಬಳಸಬಾರದು.

ಆದ್ದರಿಂದ ತಾಯಂದಿರೇ, ನರ್ಸ್ ಅಕ್ಕನವರನ್ನು ಮರ್ಯಾದೆಯಿಂದ ಕೇಳಿರಿ: "ಅಕ್ಕಾರ, ಈ ಬಾಟಲಿ ಎಷ್ಟು ಗಂಟೆಗೆ ಒಡೆದೀರಿ? ಇದು ಯಾವ ರೋಗಕ್ಕ? ಮನೀಗೆ ಹೋದ ಮ್ಯಾಲೆ ಏನಾಗಬಹುದು? ಮತ್ತ ಯಾವಾಗ ಬರಬೇಕು?" ಇದನ್ನೆಲ್ಲ ತಿಳಿಸುವುದು ಅವರ ಕರ್ತವ್ಯ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂಡಿರಿ. ಕಾರ್ಡನ್ನು ಜೋಪಾನವಾಗಿ ಇಡಿರಿ. ಪ್ರಶ್ನೆ ಕೇಳಿದರೆ ಲಸಿಕೆಯನ್ನು ವಿರೋಧಿಸಿದಂತಲ್ಲ. ಕೇಳುವ ತಾಯಿ ಇದ್ದ ಕಡೆ ಕೆಲಸ ಮಾಡುವವರೂ ಎಚ್ಚರದಿಂದ ಇರುತ್ತಾರೆ.

ನಾಲ್ಕನೆಯ ಪ್ರಶ್ನೆ ನೆನಪಿದೆಯಲ್ಲವೇ? ಆಹಾರ ಪ್ರಾಧಿಕಾರ ತನ್ನ ಆದೇಶವನ್ನೇ ಹಿಂದಕ್ಕೆ ಪಡೆಯಿತು. ರಾಮದುರ್ಗದಲ್ಲಿ ತಪ್ಪು ಎಲ್ಲಾಯಿತೆಂದು ತನಿಖೆ ಹೇಳಿತು. ಇಂಗ್ಲೆಂಡಿನ ಹೆಸರಾಂತ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 1998ರಲ್ಲಿ ದಡಾರದ ಲಸಿಕೆಗೂ ಆಟಿಸಂ ಎಂಬ ಸ್ಥಿತಿಗೂ ನಂಟು ಕಲ್ಪಿಸಿದ ಲೇಖನವೊಂದನ್ನು ಪ್ರಕಟಿಸಿತ್ತು, 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ತಡವಾದರೂ ತಿದ್ದಿದರು. ವಾಟ್ಸಾಪಿನ ಸಂದೇಶ ತನ್ನ ತಪ್ಪನ್ನು ತಿದ್ದಿಕೊಂಡದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ಗೋಡೆಯ ಮೇಲಿನ ಬರಹ

ಮೂರನೆಯದು ಜಾಹೀರಾತು. ಬಸ್ ನಿಲ್ದಾಣದ ಗೋಡೆಯ ಮೇಲೆ, ಪತ್ರಿಕೆಯೊಳಗೆ ಇಟ್ಟು ಬರುವ ಚೀಟಿಯ ಮೇಲೆ ಏನಿರುತ್ತದೆ? 'ಸಕ್ಕರೆ ಕಾಯಿಲೆ ಬೇರುಸಹಿತ ಗುಣ', 'ಲಕ್ವಾ ಗ್ಯಾರಂಟಿ ವಾಸಿ'. ಓದುಗರೇ, ನಮ್ಮ ದೇಶದಲ್ಲಿ 1954ರಿಂದ ಒಂದು ಕಾಯಿದೆ ಇದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಎಂದು ಅದರ ಹೆಸರು. ಅದರ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ರೋಗಗಳಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಲಕ್ವಾ ಎಲ್ಲವೂ ಅದರಲ್ಲಿವೆ. ಈ ರೋಗಗಳನ್ನು ಗುಣಪಡಿಸುತ್ತೇವೆಂದು ಜನರಿಗೆ ಔಷಧದ ಜಾಹೀರಾತು ಕೊಡುವುದೇ ಅಪರಾಧ. ಅಂದರೆ ಆ ಗೋಡೆಯ ಬರಹಕ್ಕೆ ಸನದಿಲ್ಲ ಎಂಬುದನ್ನು ಕಾನೂನೇ ಹೇಳಿದೆ. ಆ ಬರಹ ನಂಬಿ ದಿನದ ಗುಳಿಗೆ ಬಿಟ್ಟ ಸಕ್ಕರೆ ರೋಗಿಗೆ ಕಾಲಿನ ಗಾಯ ಮಾಯದೆ ಹೋದರೆ, ಕಿಡ್ನಿ ಕೆಟ್ಟರೆ, ಆ ಗೋಡೆ ಬಂದು ಉತ್ತರ ಕೊಡುವುದಿಲ್ಲ.

ಅಳತೆಯುಳ್ಳ ಮಾತು ಹೇಗಿರುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಬಣ್ಣದ ತಿಂಡಿ ಕೆಟ್ಟದ್ದು ಎಂದು ನಾವೆಲ್ಲ ಹೇಳುತ್ತಲೇ ಇದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2024ರಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿತು, 107 ಅಸುರಕ್ಷಿತವೆಂದು ಕಂಡವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣವೂ ಸಿಕ್ಕಿತು. ಮಾರ್ಚ್ 11ರಂದು ಆರೋಗ್ಯ ಸಚಿವರು ಈ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿದರು. ಎಷ್ಟರಲ್ಲಿ ಎಷ್ಟು, ಯಾವ ಬಣ್ಣ, ಯಾವ ದಿನ ಎಂಬುದು ಇಲ್ಲಿ ಸ್ಪಷ್ಟವಿದೆ. ಇದು ಸನದುಳ್ಳ ಮಾತು. ಮುಂದಿನ ಉರುಸಿನಲ್ಲೋ ಜಾತ್ರೆಯಲ್ಲೋ ಮಕ್ಕಳು ಗುಲಾಬಿ ಬಣ್ಣದ ಮಿಠಾಯಿಗೆ ಹಟ ಹಿಡಿದಾಗ ಬಿಳಿಯದನ್ನೇ ಕೊಡಿಸಿರಿ.

ಗುಳಿಗೆಯ ಹಾಳೆ ಓದೋಣ

ಔಷಧ ಅಂಗಡಿಯಿಂದ ತಂದ ಗುಳಿಗೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಅದನ್ನು ವೈದ್ಯರ ಚೀಟಿ ಇಲ್ಲದೆ ನುಂಗಬಾರದು. ಆ್ಯಂಟಿಬಯೋಟಿಕ್ ಗುಳಿಗೆಗಳ ಮೇಲೆ ಈ ಗೆರೆ ಇರುತ್ತದೆ. ನೆಗಡಿಗೆ ಎರಡು ದಿನ ನುಂಗಿ ಉಳಿದದ್ದನ್ನು ಡಬ್ಬಿಯಲ್ಲಿಟ್ಟು ಪಕ್ಕದ ಮನೆಯವರಿಗೆ ಕೊಡುವ ರೂಢಿ ನಮ್ಮಲ್ಲಿದೆ. ಹೀಗೆ ಮನಬಂದಂತೆ ನುಂಗಿದರೆ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ. ಅವಧಿ ಮುಗಿಯುವ ತಿಂಗಳು, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ನೋಡಿರಿ. 2023ರ ಆಗಸ್ಟಿನಿಂದ ಹೆಚ್ಚು ಬಳಕೆಯ 300 ಔಷಧಗಳ ಮೇಲೆ ಮೊಬೈಲಿನಿಂದ ಓದಬಹುದಾದ ಗುರುತು ಕಡ್ಡಾಯವಾಗಿದೆ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೂಡ ಒಂದು ಸನದೇ.

ಕೇಳುವುದು ಯಾರನ್ನು?

ಮೊದಲು ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಅವರಿಗೆ ಹೆಸರಿದೆ, ಊರಿದೆ, ನಾಳೆಯೂ ಅಲ್ಲಿಯೇ ಸಿಗುತ್ತಾರೆ. ಔಷಧದಿಂದ ತೊಂದರೆಯಾದರೆ ವೈದ್ಯರಿಗೆ ಹೇಳುವುದರ ಜೊತೆಗೆ 1800-180-3024 ಎಂಬ ಉಚಿತ ಸಂಖ್ಯೆಗೂ ತಿಳಿಸಬಹುದು. ಅದು ದೇಶದ ಔಷಧ ಅಡ್ಡಪರಿಣಾಮಗಳ ನಿಗಾ ಕಾರ್ಯಕ್ರಮದ್ದು. ಕೊಂಡ ವಸ್ತುವಿನಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು, ಮೊಬೈಲಿಗೆ ಸಂದೇಶ ಬಂದಾಗ ಏನು ಮಾಡಬೇಕು? ಅದು ಯಾವ ಭಾಷೆಯಲ್ಲಿದೆ ಎಂದು ನೋಡಿ ನಂಬಬೇಡಿ. ಉರ್ದು ಲಿಪಿಯಲ್ಲಿ ಬಂದದ್ದೆಲ್ಲ ದೀನಿನ ಮಾತಲ್ಲ, ಇಂಗ್ಲಿಷಿನಲ್ಲಿ ಬಂದದ್ದೆಲ್ಲ ವಿಜ್ಞಾನವಲ್ಲ. ಕಳಿಸಿದವರು ಸ್ವಂತ ಚಾಚಾ ಆಗಿದ್ದರೂ "ಚಾಚಾ, ಇದನ್ನು ಹೇಳಿದವರು ಯಾರು?" ಎಂದು ಪ್ರೀತಿಯಿಂದ ಕೇಳಿರಿ. ಹೆಸರು ಬಾರದಿದ್ದರೆ ಆ ಮಾತು ನಿಮ್ಮಲ್ಲಿಯೇ ನಿಲ್ಲಲಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಕನ್ನಡದ ಗಾದೆ ಹೇಳುತ್ತದೆ. ನಾವು ಕಣ್ಣಾರೆ ಕಂಡದ್ದೂ ಇಲ್ಲ, ಬೆರಳ ತುದಿಯಿಂದ ಮುಂದಕ್ಕೆ ತಳ್ಳಿದ್ದೇವೆ ಅಷ್ಟೇ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಎಷ್ಟೋ ಮನೆಗಳಲ್ಲಿ ಔಷಧದ ಹಾಳೆಯನ್ನು ಓದಬಲ್ಲವಳು ಏಳನೆಯೋ ಎಂಟನೆಯೋ ತರಗತಿಯ ಮಗಳೊಬ್ಬಳೇ. ಆ ಮನೆಗೆ ಅವಳೇ ಮೊದಲ ಆರೋಗ್ಯ ಕಾರ್ಯಕರ್ತೆ. ಅವಳಿಗೆ ಮೂರು ಭಾಷೆ ಬರುತ್ತದೆ, ಇಂಗ್ಲಿಷಿನ ಅಂಕಿ ಅಕ್ಷರವೂ ಬರುತ್ತದೆ. ಅಜ್ಜಿಯ ಗುಳಿಗೆಯನ್ನೂ ತಮ್ಮನ ಓ.ಆರ್.ಎಸ್. ಪ್ಯಾಕೆಟ್ಟನ್ನೂ ಅವಳ ಕೈಗೆ ಕೊಟ್ಟು "ಓದವ್ವಾ, ಏನು ಬರದಾರ ನೋಡು" ಎನ್ನಿರಿ. ಅವಳು ತಡವರಿಸಿ ಓದಿದರೂ ಸಮಾಧಾನದಿಂದ ಕೇಳಿರಿ. ಅವಳನ್ನು ಶಾಲೆಯಿಂದ ಬಿಡಿಸಬೇಡಿರಿ. ಇಂದು ಪ್ಯಾಕೆಟ್ಟಿನ ಸಣ್ಣ ಅಕ್ಷರ ಓದಿದ ಹುಡುಗಿ ನಾಳೆ ತನ್ನ ಮಗುವನ್ನು ಯಾವ ಡಬ್ಬಿಯ ದೊಡ್ಡ ಅಕ್ಷರಕ್ಕೂ ಒಪ್ಪಿಸುವುದಿಲ್ಲ.